ಒಂದು ಬೆರಳು ಹೆಚ್ಚಾದ ಪೆಟ್ಟಿಗೆ

ಕಂತು ಐದು

"ತಳ್ಳು," ಅಂದರು ಅತ್ತೆ.

ತಳ್ಳಿದೆ.

"ಇನ್ನೂ ಜೋರಾಗಿ ತಳ್ಳೇ. ಬೆಳಿಗ್ಗೆ ತಿಂದಿದ್ದೆಲ್ಲ ಎಲ್ಲಿ ಹೋಯ್ತು?"

"ಇದಕ್ಕಿಂತ ಜೋರಾಗಿ ತಳ್ಳಿದ್ರೆ ಒಳಗಿರೋ ಕಂಪ್ಯೂಟರ್ ಪುಡಿಯಾಗುತ್ತೆ ಅತ್ತೆ. ಇದು ಹೋಗಲ್ಲ. ಒಂದು ಬೆರಳು ಜಾಸ್ತಿ ಇದೆ."

ಮತ್ತೆ ಅದೇ ಒಂದು ಬೆರಳು!

ನನ್ನ ಕಂಪ್ಯೂಟರ್ ಅಂಗಡಿಯ ಮೇಜಿನ ಮೇಲೆ ಮರದ ಚೌಕಟ್ಟೊಂದು ಕೂತಿತ್ತು. ವಿಮಾನದೊಳಗೆ ಕೈಯಲ್ಲಿ ಒಯ್ಯುವ ಚೀಲ ಎಷ್ಟಿರಬೇಕೆಂದು ಅಳೆಯಲು ಕೌಂಟರಿನ ಪಕ್ಕ ಇಟ್ಟಿರುತ್ತಾರಲ್ಲ, ಅದರದೇ ತದ್ರೂಪು. ಉದ್ದ ನಲವತ್ತು, ಎತ್ತರ ಮೂವತ್ತು, ಅಗಲ ಇಪ್ಪತ್ತು ಸೆಂಟಿಮೀಟರ್. ಅತ್ತೆ ಬಡಗಿಯ ತಲೆ ತಿಂದು ಮಾಡಿಸಿದ್ದು. ಅದರ ಬಾಯಲ್ಲಿ ಹೊಸ ನೀಲಿ ಚೀಲ, ಚೀಲದೊಳಗೆ ನಾನು ಜೋಡಿಸಿದ ಪುಟ್ಟ ಕಂಪ್ಯೂಟರ್. ಶಾಲೆಗೆ ಹೋಗಲಾರೆನೆಂದು ಬಾಗಿಲಿಗೆ ಕೈಕಾಲು ಅಡ್ಡ ಕೊಟ್ಟ ಮಗುವಿನ ಹಾಗೆ ಅದು ಅರ್ಧಕ್ಕೇ ಸಿಕ್ಕಿಕೊಂಡಿತ್ತು.

ಕಳೆದ ಮಂಗಳವಾರ ಇದೇ ಪೆಟ್ಟಿಗೆ ವಿಮಾನ ನಿಲ್ದಾಣದಲ್ಲೂ ಒಂದು ಬೆರಳು ಹೆಚ್ಚಾಗಿ ವಾಪಸ್ ಬಂದಿತ್ತು. ಯಾರೋ ಅದರ ತಳದ ತೆಳ್ಳನೆಯ ರಬ್ಬರ್ ಪಾದಗಳನ್ನು ಕಿತ್ತು ದಪ್ಪನೆಯವನ್ನು ಕೂರಿಸಿದ್ದರು.

ಪೆಟ್ಟಿಗೆಯ ಒಡೆಯರು ಡ್ರೈವರ್ ಮಾಮ. ಮೂವತ್ತೆಂಟು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಮನೆಯಲ್ಲಿ ಸುಮ್ಮನೆ ಕೂರಲಾಗದೆ ಕಂಪ್ಯೂಟರಿನಲ್ಲಿ ರೇಸ್ ಕಾರು ಓಡಿಸಲು ಹೋಗಿ, ಅರವತ್ತೇಳನೇ ವಯಸ್ಸಿನಲ್ಲಿ ದೊಡ್ಡ ಸ್ಪರ್ಧೆಯ ಕೊನೆಯ ಎಂಟು ಮಂದಿಯಲ್ಲಿ ಒಬ್ಬರಾಗಿಬಿಟ್ಟಿದ್ದರು. ಸ್ಪರ್ಧೆ ನಾಳೆ ಬೆಳಿಗ್ಗೆ, ದೂರದ ಊರಿನಲ್ಲಿ. ಮುಖ್ಯ ನಿಯಮ: ಯಾವ ಕಂಪ್ಯೂಟರಿನಲ್ಲಿ ಆಡಿ ಗೆದ್ದಿರೋ ಅದನ್ನೇ ತರಬೇಕು, ಅದರ ಮದರ್‌ಬೋರ್ಡಿನ ನಂಬರು ನೋಡಿಯೇ ಒಳಗೆ ಬಿಡುತ್ತಾರೆ. ಇವತ್ತು ಸಂಜೆ ಐದರ ವಿಮಾನ ತಪ್ಪಿದರೆ ಕಥೆ ಮುಗಿಯಿತು.

ಮೊದಲ ದಿನ ಮಾಮ ಬಂದು, "ನನ್ನ ಆ ದೊಡ್ಡ ಗೋಪುರದಂಥ ಕಂಪ್ಯೂಟರನ್ನ ತೊಡೆ ಮೇಲೆ ಇಟ್ಕೊಂಡು ಹೋಗೋ ಹಾಗೆ ಮಾಡಿಕೊಡಮ್ಮ," ಅಂದಾಗ ನನಗೆ ಕುಣಿಯುವಷ್ಟು ಖುಷಿಯಾಗಿತ್ತು. ಲಗೇಜಿಗೆ ಹಾಕುವ ಮಾತೇ ಇಲ್ಲ. ಅಲ್ಲಿ ಸೂಟ್‌ಕೇಸ್ ಎಸೆಯುವ ಚಂದ ನೋಡಿದವರು ಕಂಪ್ಯೂಟರನ್ನಂತೂ ಕೊಡುವುದಿಲ್ಲ.

ಅದೇ ಮದರ್‌ಬೋರ್ಡು ಕೂರಿಸಲು ಪುಟ್ಟ ಡಬ್ಬಿ ಹುಡುಕಿದೆ. ಗಾಜಿನ ಬಾಗಿಲಿನ ಕ್ಯಾಬಿನೆಟ್ ಒಂದಿತ್ತು. ನೋಡಲು ರಾಜಕುಮಾರಿ, ಒಂದು ಸಲ ಮುಗ್ಗರಿಸಿದರೆ ಚೂರುಚೂರು. ಬೇಡ. ಕಬ್ಬಿಣದ್ದೊಂದಿತ್ತು, ಗಟ್ಟಿಮುಟ್ಟು. ಆದರೆ ಬರೀ ಡಬ್ಬಿಯೇ ನಾಲ್ಕು ಕಿಲೋ. ಒಟ್ಟು ಎಂಟು ಕಿಲೋ ಮೀರಬಾರದು ಅನ್ನುವಾಗ ಉಳಿದ ನಾಲ್ಕರಲ್ಲಿ ನಾನೇನು ಗಾಳಿ ತುಂಬಲೇ? ಮೇಲೆ ಹಿಡಿ ಇರುವ ಇನ್ನೊಂದು ಮಾಮನಿಗೆ ಬಹಳ ಹಿಡಿಸಿತ್ತು. "ಹಿಡೀನೂ ಅಳತೆಗೆ ಸೇರುತ್ತೆ ಮಾಮ, ಅವರು ಬಿಡಲ್ಲ," ಎಂದು ಅದನ್ನೂ ಕಿತ್ತುಕೊಂಡೆ.

ಕೊನೆಗೆ ಸಿಕ್ಕಿದ್ದು ಹದಿನೇಳು ಸೆಂಟಿಮೀಟರ್ ಅಗಲದ ಅಲ್ಯೂಮಿನಿಯಂ ಡಬ್ಬಿ. ನಾಲ್ಕೂ ಕಡೆ ಜಾಲರಿ, ಒಳಗೆ ಗ್ರಾಫಿಕ್ಸ್ ಕಾರ್ಡು ಅಲ್ಲಾಡದಂತೆ ಒಂದು ಆಸರೆ. ಹಿಡಿಯ ಬದಲು ಹಳದಿ ಬಟ್ಟೆಯ ಪಟ್ಟಿ ಹಾಕಿಸಿದೆ. ಬಿಟ್ಟರೆ ಮಲಗುತ್ತದೆ, ಎತ್ತರ ಹೆಚ್ಚುವುದಿಲ್ಲ. ಪಟ್ಟಿಯ ಉಪಾಯ ಪೂರಾ ನನ್ನದು. ಅದನ್ನು ಹೊಲಿದುಕೊಟ್ಟವರು ಮಾಮನ ಹೆಂಡತಿ ಟೈಲರಮ್ಮ. ಈ ನೀಲಿ ಮೆತ್ತೆಯ ಚೀಲ ಹೊಲಿದವರೂ ಅವರೇ.

"ಚೀಲದ ಅಗಲ ಎಷ್ಟಿರಬೇಕಿತ್ತು?" ಅತ್ತೆ ಕೇಳಿದರು.

"ಡಬ್ಬಿ ಹದಿನೇಳು. ಎರಡು ಕಡೆ ಒಂದೊಂದು ಸೆಂಟಿಮೀಟರ್ ಮೆತ್ತೆ. ಹತ್ತೊಂಬತ್ತು."

"ಈಗ?"

ಟೇಪು ಹಿಡಿದೆ. "ಇಪ್ಪತ್ತೊಂದು. ಪಾಪ, ಕೈತಪ್ಪಿರಬೇಕು. ಟೈಲರ್‌ಗಳು ಬಟ್ಟೇಲಿ ಸ್ವಲ್ಪ ಸಡಿಲ ಬಿಡ್ತಾರಲ್ಲ, ಅದೇ ಅಭ್ಯಾಸ."

ಅತ್ತೆ ಡಬ್ಬಿಯನ್ನು ತುಂಬಿದ ಗಿಂಡಿಯನ್ನು ಹಿಡಿಯುವ ಹಾಗೆ ಮೆಲ್ಲಗೆ ಹೊರತೆಗೆದು, ಬರಿದಾದ ಚೀಲವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು.

ಇದು ಅವರ ಹಳೆಯ ಚಾಳಿ. ಮೂವತ್ತು ವರ್ಷ ವಿಮಾನ ನಿಲ್ದಾಣದಲ್ಲಿ ಎಕ್ಸ್‌ರೇ ಪರದೆಯ ಮುಂದೆ ಕೂತವರು. ಜನರ ಮುಖಕ್ಕಿಂತ ಅವರ ಚೀಲದ ನೆರಳನ್ನೇ ಹೆಚ್ಚು ನಂಬುತ್ತಾರೆ. ನಿವೃತ್ತರಾದ ಮರುದಿನವೇ ನನ್ನ ಅಂಗಡಿಯ ಬೋರ್ಡಿನ ಕೆಳಗೆ 'ಕಳೆದದ್ದು, ಕೆಟ್ಟದ್ದು, ಗುಟ್ಟಿನದು ಪತ್ತೆ ಮಾಡಿಕೊಡಲಾಗುವುದು' ಎಂದು ತಮ್ಮದೊಂದು ಬೋರ್ಡು ತೂಗಿಹಾಕಿದರು. ನನ್ನನ್ನು ಕೇಳಿರಲಿಲ್ಲ.

"ಬಾ ಇಲ್ಲಿ. ಏನು ಕಾಣುತ್ತೆ?"

ಹೊಲಿಗೆಯ ಒಳಗಡೆ, ಸರಿಯಾಗಿ ಒಂದು ಬೆರಳಿನಷ್ಟು ಈಚೆಗೆ, ಬೆಳಕಿನ ಸಣ್ಣಸಣ್ಣ ಚುಕ್ಕೆಗಳ ಸಾಲು. ಸೂಜಿಯ ತೂತುಗಳು. ದಾರವಿಲ್ಲದ ತೂತುಗಳು.

"ಮೊದಲು ಇಲ್ಲಿ ಹೊಲಿದು..."

"ಹತ್ತೊಂಬತ್ತಕ್ಕೆ ಸರಿಯಾಗಿ ಹೊಲಿದಿದ್ದಾರೆ. ಆಮೇಲೆ ಬಿಚ್ಚಿದ್ದಾರೆ. ಮೆತ್ತೆ ಇನ್ನೊಂದು ಪದರ ತುರುಕಿ ಇಪ್ಪತ್ತೊಂದಕ್ಕೆ ಮತ್ತೆ ಹೊಲಿದಿದ್ದಾರೆ." ಅತ್ತೆಯ ಕಣ್ಣು ಮಿನುಗಿತು. "ಕೈ ತಪ್ಪಿಲ್ಲ ಕಣೇ. ಕೈ ತಿದ್ದಿದೆ."

ಇಷ್ಟು ದಿನ ನಾವು ದಂತವೈದ್ಯರ ಬೆನ್ನು ಬಿದ್ದಿದ್ದೆವು. ಒಂಬತ್ತನೆಯ ಸ್ಥಾನದವರು ಅವರು. ಮಾಮ ಹೋಗದಿದ್ದರೆ ಸೀಟು ಅವರಿಗೆ. ನಿನ್ನೆ ಅತ್ತೆ ಅವರ ಕುರ್ಚಿಯಲ್ಲಿ ಬಾಯಿ ತೆರೆದು ಕೂತು, ಒಂದು ಹಲ್ಲು ಕೀಳಿಸಿಕೊಂಡೇ ವಿಚಾರಣೆ ನಡೆಸಿದ್ದರು. ಆ ಮನುಷ್ಯನಿಗೆ ಏಣಿ ಹತ್ತಿದರೂ ತಲೆ ಸುತ್ತುತ್ತದಂತೆ. ವಿಮಾನದ ಹೆಸರೆತ್ತಿದ್ದಕ್ಕೇ ಕೈಯಲ್ಲಿದ್ದ ಇಕ್ಕಳ ನಡುಗಿತ್ತು. ಹಲ್ಲು ಹೋಯಿತು, ಅನುಮಾನವೂ ಹೋಯಿತು.

ಆದರೆ ಟೈಲರಮ್ಮನೇ? ಗಂಡ ಆಟಕ್ಕೆ ಕೂತರೆ ಪಕ್ಕದಲ್ಲಿ ನೀರು ಇಟ್ಟು ಹೋಗುವ ಹೆಂಗಸೇ?

"ಯಾವುದಕ್ಕೂ ಚೀಲದ ಜೊತೆ ಡ್ರೈವರಣ್ಣ ಬರೆದಿಟ್ಟ ಆ ರೇಸಿನ ಪಟ್ಟೀನೂ ತಗೋ," ಅಂದರು ಅತ್ತೆ. "ನಡಿ."

*

ಟೈಲರಮ್ಮನ ಅಂಗಡಿ ಎರಡು ಬೀದಿ ಆಚೆ, ಅವರ ಮನೆಯ ಮುಂದಿನ ಕೋಣೆ. ಬಾಗಿಲಲ್ಲಿ ಒಂದು ತಗಡು: 'ಮಧ್ಯಾಹ್ನ ಎರಡರಿಂದ ನಾಲ್ಕು ಅಂಗಡಿ ಮುಚ್ಚಿರುತ್ತದೆ.' ಅತ್ತೆ ಅದನ್ನು ಎರಡು ಸಲ ಓದಿದರು. ಎರಡನೆಯ ಸಲ ನಕ್ಕರು.

ಒಳಗೆ ಬಣ್ಣಬಣ್ಣದ ಚಿಂದಿ, ಇಸ್ತ್ರಿಯ ಬಿಸಿ ವಾಸನೆ. ಟೈಲರಮ್ಮ ಕುಳ್ಳಗೆ, ದುಂಡಗೆ, ಕೊರಳಲ್ಲಿ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ.

"ಬನ್ನಿ ಬನ್ನಿ. ಚೀಲ ಚೆನ್ನಾಗಿದೆಯಾ?" ಗುಂಡುಸೂಜಿ ತೆಗೆಯದೆಯೇ ಕೇಳಿದರು.

"ಬಹಳ ಚೆನ್ನಾಗಿದೆ," ಅತ್ತೆ ಸ್ಟೂಲು ಎಳೆದುಕೊಂಡರು. "ಎಷ್ಟು ಚೆನ್ನಾಗಿದೆ ಅಂದ್ರೆ ಎರಡು ಸಲ ಹೊಲಿದಿದ್ದೀರಿ."

ಯಂತ್ರ ನಿಂತಿತು.

"ಹಳೇ ತೂತು ಬೆಳಕಲ್ಲಿ ಕಾಣುತ್ತೆ ಟೈಲರಮ್ಮ. ನಲವತ್ತು ವರ್ಷ ಹೊಲಿದ ಕೈ ಒಂದು ಬೆರಳು ತಪ್ಪಲ್ಲ. ನಿಮ್ಮನೆಯವರು ವಿಮಾನ ಹತ್ತಬಾರದು, ಅಲ್ವಾ?"

"ಅಯ್ಯೋ, ಏನು ಮಾತು ಅಂತ ಆಡ್ತೀರಿ..." ಎಂದು ಶುರು ಮಾಡಿದವರು ಅತ್ತೆಯ ಮುಖ ನೋಡಿ ಗುಂಡುಸೂಜಿಗಳನ್ನು ಬಾಯಿಂದ ತೆಗೆದು ಮೆತ್ತೆಗೆ ಚುಚ್ಚಿದರು. ಒಂದು. ಎರಡು.

"ಚೀಲ ಬಿಚ್ಚಿ ಎಸೆದು ಬರೀ ಡಬ್ಬಿ ಒಯ್ಯಬಹುದಿತ್ತಲ್ಲಮ್ಮ," ಅಂದೆ ನಾನು, ತಡೆಯಲಾರದೆ.

"ಅವರಾ?" ಟೈಲರಮ್ಮ ನಕ್ಕೇಬಿಟ್ಟರು. "ನಾನು ಹೊಲಿದ ಚೀಲ ನಾಲ್ಕು ಜನರ ಎದುರು ಎಸೆದು ಹೋಗೋರಲ್ಲ ಅವರು. ಚೀಲ ತಬ್ಕೊಂಡು ವಾಪಸ್ ಬರ್ತಿದ್ರು. ನನಗೆ ಗೊತ್ತಿಲ್ವಾ?"

ಅಪರಾಧ ಒಪ್ಪಿಕೊಳ್ಳುವಾಗ ಇಷ್ಟು ಹೆಮ್ಮೆಯಿಂದ ಒಪ್ಪಿಕೊಂಡವರನ್ನು ನಾನು ಬೇರೆ ಕಂಡಿಲ್ಲ.

ಅತ್ತೆ ಪಟ್ಟಿ ಬಿಡಿಸಿದರು. ಮಾಮ ಎರಡು ತಿಂಗಳಿಂದ ಹಲ್ಲು ಕಡಿಯುತ್ತ ಬರೆದಿಟ್ಟ ಪಟ್ಟಿ ಅದು. ಆ ರೇಸಿನಲ್ಲಿ ಎಲ್ಲರೂ ಒಟ್ಟಿಗೆ ಓಡುವುದಿಲ್ಲ. ಒಬ್ಬೊಬ್ಬರೇ ಓಡಿ ತಮ್ಮ ಸಮಯ ದಾಖಲಿಸುತ್ತಾರೆ. ಮಾಮ ಬೆಳಿಗ್ಗೆ ಒಂದು ಒಳ್ಳೆಯ ಸಮಯ ಹಾಕಿದರೆ, ಸಂಜೆಯೊಳಗೆ ಅದಕ್ಕಿಂತ ಅರ್ಧ ಸೆಕೆಂಡು ಬೇಗ ಓಡಿ ಮೇಲೆ ಕೂತಿರುವ ಒಬ್ಬ ಆಸಾಮಿ ಇದ್ದ. ಹೆಸರು 'ಮಿಂಚುಹುಳ'. ಊರಿಲ್ಲ, ಮುಖವಿಲ್ಲ, ಆದರೆ ಕೊನೆಯ ಎಂಟರಲ್ಲಿದ್ದ. ಸ್ಪರ್ಧೆಯಲ್ಲಿ ಗೆಲ್ಲುವುದಕ್ಕಿಂತ ಆ ಮಿಂಚುಹುಳದ ಮೂತಿ ನೋಡುವುದೇ ಮಾಮನ ಆಸೆ.

"ಮಿಂಚುಹುಳ ಓಡಿದ ಹೊತ್ತು ಓದ್ತೀನಿ, ಕೇಳಿ," ಅಂದರು ಅತ್ತೆ. "ಎರಡೂವರೆ. ಮೂರು ಹತ್ತು. ಎರಡು ನಲವತ್ತು. ಮೂರು ಐವತ್ತು. ಒಂದು ದಿನವೂ ಎರಡಕ್ಕೆ ಮೊದಲಿಲ್ಲ, ನಾಲ್ಕರ ನಂತರ ಇಲ್ಲ. ಡ್ರೈವರಣ್ಣ ಡ್ರೈವರ್‌ಗಳ ಸಂಘದಲ್ಲಿ ಕೇರಂ ಆಡೋ ಹೊತ್ತು. ನಿಮ್ಮ ಅಂಗಡಿ ಮುಚ್ಚಿರೋ ಹೊತ್ತು."

ಟೈಲರಮ್ಮನ ಕಿವಿ ಮೊದಲು ಕೆಂಪಾಯಿತು, ಆಮೇಲೆ ಕೆನ್ನೆ.

"ಅಮ್ಮಾ!" ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಮಿಂಚುಹುಳ ನೀವಾ?"

"ಮೆಲ್ಲಗೆ ಮಾತಾಡೇ!"

ಆಮೇಲೆ ಅವರೇ ಮೆಲ್ಲಗೆ ಮಾತಾಡಲಿಲ್ಲ. ತಿಂಗಳುಗಟ್ಟಲೆ ಕಟ್ಟಿಟ್ಟ ಮಾತು.

"ಧೂಳು ಒರೆಸೋಕೆ ಅಂತ ಹೋಗಿ ಕೂತೆ ಕಣೇ. ಕಾಲ ಕೆಳಗೆ ಪೆಡಲ್ ಸಿಕ್ತು. ನಲವತ್ತು ವರ್ಷದಿಂದ ಪೆಡಲ್ ಮೇಲೇ ಬದುಕಿದ್ದೀನಿ ನಾನು! ಎಷ್ಟು ಒತ್ತಿದ್ರೆ ಎಷ್ಟು ಓಡುತ್ತೆ ಅಂತ ಕಾಲಿಗೇ ಗೊತ್ತು. ಇವರು ತಿರುವು ಬಂದ್ರೆ ಬಸ್ಸಿನ ಹಾಗೆ ನಿಧಾನ ಮಾಡ್ತಾರೆ. ಕಾಲರ್ ಹೊಲಿಯುವಾಗ ಯಾರಾದ್ರೂ ನಿಲ್ಲಿಸ್ತಾರಾ? ಯಂತ್ರ ಓಡ್ತಾನೇ ಇರಬೇಕು, ಬಟ್ಟೆ ಹಾಗೇ ತಿರುಗಬೇಕು."

ಗಾಳಿಯಲ್ಲೇ ಎರಡೂ ಕೈಯಿಂದ ಒಂದು ಕಾಲರ್ ತಿರುಗಿಸಿ ತೋರಿಸಿದರು. ಆ ಕ್ಷಣ ಅವರಿಗೆ ಅರವತ್ತಾಗಿದೆ ಎಂದರೆ ಯಾರೂ ನಂಬುತ್ತಿರಲಿಲ್ಲ.

"ಹಾಗಾದ್ರೆ ಹೇಳಿಕೊಳ್ಳೋಕೇನು?" ಅತ್ತೆ ಕೇಳಿದರು.

ಕೈ ಕೆಳಗಿಳಿಯಿತು. "ಹೇಗೆ ಹೇಳಲಿ? ನಾನೂ ಓಡಿದ್ದು ಅದೇ ಕಂಪ್ಯೂಟರಲ್ಲಿ. ಒಂದು ಕಂಪ್ಯೂಟರ್, ಒಬ್ಬ ಆಟಗಾರ ಅಂತ ನಿಯಮ ಇದೆಯಂತೆ. ಅಲ್ಲಿ ನಂಬರು ನೋಡಿದ ಕೂಡಲೇ ಎರಡು ಹೆಸರು ಬರುತ್ತೆ. ಇವರೇ ಕಳ್ಳ ಹೆಸರಲ್ಲಿ ಎರಡು ಸಲ ಆಡಿದ್ದಾರೆ ಅಂತಾರೆ. ಮೂವತ್ತೆಂಟು ವರ್ಷ ಒಂದು ದಂಡ ಕಟ್ಟದೆ ಬಸ್ಸು ಓಡಿಸಿದ ಮನುಷ್ಯ. ಅಷ್ಟು ಜನರ ಮುಂದೆ ಮೋಸಗಾರ ಅನ್ನಿಸ್ಕೊಳ್ಳಬೇಕಾ, ಅದೂ ನನ್ನಿಂದ? ಅದಕ್ಕಿಂತ ವಿಮಾನ ತಪ್ಪಿದ್ರೆ ನಾಲ್ಕು ದಿನ ಬೇಜಾರು ಮಾಡ್ಕೋತಾರೆ, ಅಷ್ಟೇ."

ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. ಅತ್ತೆ ಮಾತ್ರ ಹೊಲಿಗೆ ಯಂತ್ರವನ್ನೇ ನೋಡುತ್ತಿದ್ದರು. ಯಂತ್ರದ ನಾಲ್ಕು ಮೂಲೆಗೂ ಮಡಿಸಿದ ಚಿಂದಿ ಬಟ್ಟೆ ಕೊಟ್ಟು ನಿಲ್ಲಿಸಿತ್ತು.

"ಇದರ ರಬ್ಬರ್ ಪಾದ ಎಲ್ಲಿ? ಹೋದ ವಾರ ಡಬ್ಬಿಗೆ ಅಂಟಿಸಿದ್ದು ಇವೇ ತಾನೇ?"

ಟೈಲರಮ್ಮ ತಲೆಯೆತ್ತಿದರು. "ಪಾದ? ಚೀಲ ನಂದೇ, ಒಪ್ಕೊಂಡೆ. ಪಾದ ನಾನು ಮುಟ್ಟಿಲ್ಲಪ್ಪ. ಎರಡು ವಾರದಿಂದ ನಾನೇ ಹುಡುಕ್ತಿದ್ದೀನಿ. ಯಂತ್ರ ಮೇಜಿನ ಮೇಲೆಲ್ಲ ಕುಣೀತಾ ಇದೆ!"

"ಮತ್ತೆ ಯಾರು?"

"ನಾನು," ಎಂದಿತು ಬಾಗಿಲಿನಿಂದ ಒಂದು ದನಿ.

ಡ್ರೈವರ್ ಮಾಮ. ಪ್ರಯಾಣಕ್ಕೆಂದು ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಬಾಚಣಿಗೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ಟೈಲರಮ್ಮ ಕಕ್ಕಾಬಿಕ್ಕಿ. "ರೀ, ನೀವು ಯಾವಾಗ..."

"ಇವತ್ತು ಬಾಗಿಲಿಗೆ ಈಗ ಬಂದೆ. ವಿಷಯ ಗೊತ್ತಾಗಿದ್ದು ಎರಡು ತಿಂಗಳ ಹಿಂದೆ." ಮಾಮ ಒಳಗೆ ಬಂದು ಬಟ್ಟೆಗಳ ರಾಶಿ ಸರಿಸಿ ಕೂತರು. "ಬಸ್ಸಲ್ಲಿ ಶಿಫ್ಟ್ ಬದಲಾದಾಗ ಡ್ರೈವರ್ ಮೊದಲು ಏನು ಮಾಡ್ತಾನೆ ಹೇಳಿ? ಸೀಟು ಸರಿ ಮಾಡ್ಕೋತಾನೆ. ಬೆಳಿಗ್ಗೆ ನಾನು ಬಿಟ್ಟು ಹೋದ ಆಟದ ಸೀಟು ಸಂಜೆ ಕಂಬಿಯ ಮೇಲೆ ಮೂರು ಹಲ್ಲು ಮುಂದೆ ಇರ್ತಿತ್ತು. ಈ ಮನೇಲಿ ನನಗಿಂತ ಕುಳ್ಳಗಿರೋರು ಇನ್ಯಾರಿದ್ದಾರೆ?"

ಅತ್ತೆ ಮೆಚ್ಚಿಗೆಯಿಂದ ತಲೆದೂಗಿದರು. ಅವರು ತಲೆದೂಗುವುದು ವರ್ಷಕ್ಕೆ ಒಂದು ಸಲ.

"ಗೊತ್ತಿದ್ದೂ ಮಿಂಚುಹುಳಾನ ದಿನಾ ಬೈತಿದ್ರಲ್ಲ!" ಟೈಲರಮ್ಮ ಟೇಪು ಎತ್ತಿ ಹೊಡೆಯಲು ಹೋದರು.

"ಬೈದಷ್ಟೂ ನೀನು ಜೋರಾಗಿ ಓಡಿಸ್ತಿದ್ದೆ. ಗೊತ್ತಾಗಿದೆ ಅಂದಿದ್ರೆ ನಾಚ್ಕೊಂಡು ಬಿಟ್ಟುಬಿಡ್ತಿದ್ದೆ." ಮಾಮನ ದನಿ ಇಳಿಯಿತು. "ಸ್ಪರ್ಧೆಯವರಿಗೆ ನಿಜ ಬರೆದಿದ್ದೀನಿ. ಒಂದೇ ಗಾಡಿ, ಇಬ್ಬರು ಡ್ರೈವರ್, ಎರಡು ಶಿಫ್ಟ್, ಬಿಡ್ತೀರಾ ಅಂತ. ಉತ್ತರ ಬರೋ ತನಕ ಹೊರಡೋದು ಹೇಗೆ? ಅದಕ್ಕೇ ಹೋದ ವಾರ ಆ ಪಾದ ಅಂಟಿಸಿದ್ದು. ಹಿಂದೆ ಬಂದು ಟಿಕೆಟ್ ಬದಲಾಯಿಸಿದೆ. ಒಂದಲ್ಲ, ಎರಡು."

ಜೇಬಿನಿಂದ ಎರಡು ಟಿಕೆಟ್ ತೆಗೆದು ಹೊಲಿಗೆ ಯಂತ್ರದ ಮೇಲಿಟ್ಟರು. ಅದರ ಪಕ್ಕ ನಾಲ್ಕು ರಬ್ಬರ್ ಪಾದ.

ಗಂಡನ ಮಾನ ಉಳಿಸಲು ಹೆಂಡತಿ, ಹೆಂಡತಿಯನ್ನು ಜೊತೆಗೆ ಕರೆದೊಯ್ಯಲು ಗಂಡ. ಒಬ್ಬರಿಗೊಬ್ಬರು ಗೊತ್ತಿಲ್ಲದೆ ಇಬ್ಬರೂ ನನ್ನ ಚಂದದ ಡಬ್ಬಿಯ ಮೇಲೆ ಕೈ ಮಾಡಿದ್ದರು! ಸಿಟ್ಟು ಬರಬೇಕಿತ್ತು. ನನಗೆ ನಗು ತಡೆಯಲಾಗಲಿಲ್ಲ.

ಆಗಲೇ ಮಾಮನ ಫೋನ್ ಸದ್ದು ಮಾಡಿತು.

"ಅವರದೇ ಇರಬೇಕು. ಓದಮ್ಮ, ಕನ್ನಡಕ ಮರೆತೆ," ಎಂದು ನನ್ನ ಕೈಗೆ ಕೊಟ್ಟರು.

"'ನಿಜ ತಿಳಿಸಿದ್ದಕ್ಕೆ ಧನ್ಯವಾದ. ಒಂದೇ ಯಂತ್ರದಲ್ಲಿ ಗಂಡ ಹೆಂಡತಿ ಇಬ್ಬರೂ ಆಡಲು ನಮ್ಮ ಅಭ್ಯಂತರವಿಲ್ಲ.'"

ನಾನು ಕಿರುಚಿದೆ. ಮಾಮ ಎದ್ದು ನಿಂತು ಬಸ್ಸಿನ ಹಾರ್ನ್ ಒತ್ತುವಂತೆ ಗಾಳಿಯಲ್ಲಿ ಎರಡು ಸಲ ಒತ್ತಿದರು. ಟೈಲರಮ್ಮ ಅಳುತ್ತಿದ್ದರೋ ನಗುತ್ತಿದ್ದರೋ, ಅವರಿಗೇ ತಿಳಿದಿರಲಿಲ್ಲ.

"ಕೆಳಗೆ ಇನ್ನೂ ಇದೆ," ಅಂದರು ಅತ್ತೆ, ನನ್ನ ಭುಜದ ಮೇಲಿಂದ.

ಓದಿದೆ. ಓದುತ್ತ ಓದುತ್ತ ನನ್ನ ದನಿ ಸಣ್ಣಗಾಯಿತು.

"'ಆದರೆ ನಮಗೊಂದು ಗೊಂದಲ. ಮಿಂಚುಹುಳ ಎಂಬವರು ಇಂದು ಬೆಳಿಗ್ಗೆಯೇ ಇಲ್ಲಿಗೆ ಬಂದು ಸಹಿ ಹಾಕಿದ್ದಾರೆ. ಅವರು ತಂದ ಯಂತ್ರದ ನಂಬರೂ ತಾಳೆಯಾಗಿದೆ. ಚಿತ್ರ ಕಳಿಸಿದ್ದೇವೆ. ನಾಳೆ ಬೆಳಿಗ್ಗೆ ಒಂಬತ್ತರೊಳಗೆ ನೀವು ಎದುರಿಗೆ ಬಂದು ನಿಜ ಯಾರದೆಂದು ತೋರಿಸದಿದ್ದರೆ, ನಿಮ್ಮಿಬ್ಬರ ಹೆಸರನ್ನೂ ತೆಗೆದುಹಾಕುತ್ತೇವೆ.'"

ಚಿತ್ರದಲ್ಲಿ ಒಂದು ಮೇಜು. ಮೇಜಿನ ಮೇಲೆ ಪುಟ್ಟ ಅಲ್ಯೂಮಿನಿಯಂ ಡಬ್ಬಿ, ನಾಲ್ಕೂ ಕಡೆ ಜಾಲರಿ. ಮೇಲೆ ಹಳದಿ ಬಟ್ಟೆಯ ಪಟ್ಟಿ.

ನನ್ನ ಪಟ್ಟಿ.

"ಸೊಸೆ," ಅತ್ತೆಯ ದನಿ ಎಕ್ಸ್‌ರೇ ಪರದೆಯ ಮುಂದಿನ ದನಿಯಾಯಿತು. "ಇಂಥ ಡಬ್ಬಿ ಎಷ್ಟು ಮಾಡಿದ್ದೀಯ?"

"ಎರಡು," ಅಂದೆ. "ಒಂದು ಮಾಮನದು. ಇನ್ನೊಂದು ಫೋನಲ್ಲಿ ಆರ್ಡರ್ ಬಂದಿತ್ತು. ಮಾಮನಿಗೆ ಮಾಡಿಕೊಟ್ಟ ಹಾಗೇ ಬೇಕು, ಒಂದು ಸ್ಕ್ರೂ ಕೂಡ ಬೇರೆ ಇರಬಾರದು ಅಂದ್ರು. ನಾನೂ ಉಬ್ಬಿಹೋಗಿ ಒಳಗಿನದೆಲ್ಲ ವಿವರಿಸಿದೆ. ನಂಬರನ್ನೂ ಹೇಳಿದೆನೋ ಏನೋ."

"ಯಾರು ಅಂದ್ರು?"

"ಹೆಂಗಸಿನ ದನಿ. ಟೈಲರಮ್ಮನ ತಂಗಿ ಅಂದ್ರು."

"ನನಗೆ ತಂಗಿಯೇ ಇಲ್ಲ," ಅಂದರು ಟೈಲರಮ್ಮ.

ಸರಿಯಾಗಿ ಅದೇ ಕ್ಷಣಕ್ಕೆ, "ಅವಳು ಬಂದಳಾ?" ಅಂದರು ಡ್ರೈವರ್ ಮಾಮ.

ಟೈಲರಮ್ಮ ಗಂಡನ ಮುಖ ನೋಡಿದರು. ಆಮೇಲೆ ಕತ್ತರಿ ತೆಗೆದುಕೊಂಡು ನೀಲಿ ಚೀಲದ ಹೊಲಿಗೆಯನ್ನು ಒಂದೇ ಎಳೆತಕ್ಕೆ ಬಿಚ್ಚಿ, ಹೆಚ್ಚಿನ ಮೆತ್ತೆಯನ್ನು ಕಿತ್ತೆಸೆದು, ಹಳೆಯ ತೂತುಗಳ ಸಾಲನ್ನು ಸೂಜಿಯ ಕೆಳಗೆ ತಂದಿಟ್ಟರು.

"ಐದಕ್ಕೆ ಪ್ಲೇನು. ಚೀಲಕ್ಕೆ ಇಪ್ಪತ್ತು ನಿಮಿಷ ಸಾಕು," ಅಂದರು. ಕಾಲು ಪೆಡಲಿನ ಮೇಲೆ ಹೋಯಿತು. "ಅಷ್ಟರೊಳಗೆ ಹೇಳಿ ಮುಗಿಸಿ. ಯಾರು ಅವಳು?"

ಯಂತ್ರ ಓಡತೊಡಗಿತು.